ಗಾಣವಿಲ್ಲದ ಎಣ್ಣೆ

ನಮ್ಮ ಸೋದರಮಾವ 1978ರಲ್ಲಿ ಕೆಲಸ ಸಿಕ್ಕಿ ಬೊಂಬಾಯಿಗೆ ಹೊರಟು ನಿಂತಾಗ, ಅಜ್ಜಿ ಕೇಳಿದರಂತೆ: “ಸಮುದ್ರದೊಳಗೆ ಎಣ್ಣೆ ತೆಗೆಯುತ್ತಾರೆ, ಸರಿ, ಗಾಣ ಎಲ್ಲಿ ಹೂಡುತ್ತಾರಪ್ಪ?” ತುರುವೇಕೆರೆ ಸೀಮೆಯ ತೆಂಗಿನ ತೋಟದವರಿಗೆ ಸಹಜವಾದ ಪ್ರಶ್ನೆಯೇ. ವಿನೋದವೆಂದರೆ, ನಮ್ಮ ತಿಪಟೂರಿನ ಉಂಡೆಕೊಬ್ಬರಿ ಗಾಣವನ್ನು ಕಾಣುವುದೇ ಅಪರೂಪ. ತಿನ್ನುವ ಪದಾರ್ಥವಾಗಿಯೇ ಅದು ಉತ್ತರದೇಶಕ್ಕೆ ಹೋಗುತ್ತದೆ.

ಗಾಣವಿಲ್ಲದ ಆ ಎಣ್ಣೆ ದೊರೆತದ್ದು 1974ರ ಫೆಬ್ರವರಿಯಲ್ಲಿ. ಜಪಾನಿನಲ್ಲಿ ನಿರ್ಮಾಣವಾದ ‘ಸಾಗರ್ ಸಾಮ್ರಾಟ್’, ಮುಂಬಯಿಯಿಂದ ಸುಮಾರು 160 ಕಿಲೋಮೀಟರು ದೂರದಲ್ಲಿ ಉಕ್ಕಿನ ಕಾಲುಗಳನ್ನು ಕಡಲತಳಕ್ಕೂರಿ ನಿಂತು ಬಾವಿ ಕೊರೆಯಿತು. 1976ರ ಮೇ ತಿಂಗಳಲ್ಲಿ ಉತ್ಪಾದನೆ ಮೊದಲಾಯಿತು. ಅಂಥದೊಂದು ಕಟ್ಟೆಯ ಮೇಲೆ ಮಾವ ಪಂಪುಗಳನ್ನು ಕಾಯುತ್ತಿದ್ದರು. ಹದಿನಾಲ್ಕು ದಿನ ಕಡಲು, ಹದಿನಾಲ್ಕು ದಿನ ಬಿಡುವು. ಹೆಲಿಕಾಪ್ಟರಿನಲ್ಲಿ ದಡಕ್ಕೆ, ರೈಲಿನಲ್ಲಿ ಊರಿಗೆ. ಹೀಗೆ 37 ವರ್ಷ! ತೋಟ, ಕೂಲಿ, ವ್ಯಾಪಾರ, ಮಕ್ಕಳ ಓದು ಎಲ್ಲವೂ ಅತ್ತೆಯ ಪಾಲಿಗೆ.

2005ರ ಜುಲೈ 27ರಂದು ಮಾವ ಊರಿನಲ್ಲಿದ್ದರು. ಹಡಗೊಂದರ ಅಡುಗೆಯವನ ಬೆರಳಿಗೆ ಪೆಟ್ಟಾಗಿತ್ತು. ಅವನನ್ನು ಚಿಕಿತ್ಸೆಗೆ ಸಾಗಿಸಲು ಮಳೆಗಾಲದ ಆ ಅಲೆಗಳಲ್ಲಿ ಹಡಗು ಸಮೀಪಕ್ಕೆ ಬಂದು, ಅನಿಲದ ಕೊಳವೆಗೆ ಬಡಿಯಿತು. ಬೆಂಕಿ ಹತ್ತಿ, ಎರಡೇ ಗಂಟೆಗಳಲ್ಲಿ ಮುಂಬಯಿ ಹೈ ಉತ್ತರದ ಕಟ್ಟೆ ನಾಶವಾಯಿತು. ಸತ್ತವರು 22 ಮಂದಿ. ಮಾವ ಅದನ್ನು ಟೆಲಿವಿಷನ್ನಿನಲ್ಲಿ ನೋಡಿದರು. “ಏನೆನಿಸಿತು ಮಾವ?” ಎಂದು ಕಳೆದ ಭಾನುವಾರ ಕೇಳಿದೆ.

“ನನ್ನ ಸರದಿ ಮುಂದಿನ ವಾರವಿತ್ತು ಕಣಯ್ಯಾ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಹೋದೆ” ಎಂದರು.

ಅತ್ತೆ ಜಗುಲಿಯಲ್ಲಿ ತಲೆಯೆತ್ತಲಿಲ್ಲ. “ಹೋಗಬೇಡಿ ಅಂತ ನಾನು ಅನ್ನಲಿಲ್ಲ. ದೊಡ್ಡವಳ ಮದುವೆಯ ಸಾಲವಿತ್ತು” ಎಂದಷ್ಟೇ ಹೇಳಿದರು. ಇಪ್ಪತ್ತು ವರ್ಷದ ಹಿಂದಿನ ಆ ಮಾತನ್ನು ಇಬ್ಬರೂ ನನ್ನೆದುರಿಗೆ ಮೊದಲ ಬಾರಿ ಆಡುತ್ತಿದ್ದಾರೇನೋ ಎನಿಸಿ, ನಾನು ಕಾಫಿಯ ಲೋಟ ನೋಡುತ್ತ ಕುಳಿತೆ. (ಮೇಷ್ಟ್ರ ಕಸುಬಿನಲ್ಲಿ ಇಂಥ ಸಮಯಕ್ಕೆ ತಕ್ಕ ಮಾತನ್ನು ಯಾರೂ ಕಲಿಸುವುದಿಲ್ಲ.)

ನಿವೃತ್ತರಾಗಿ ಬಂದ ಹೊಸದರಲ್ಲಿ ಮಾವನಿಗೆ ನಿದ್ರೆಯೇ ಬರುತ್ತಿರಲಿಲ್ಲವಂತೆ. ಅಲ್ಲಿ ಯಂತ್ರದ ಸದ್ದು ನಿಂತರೆ ತಟ್ಟನೆ ಎಚ್ಚರವಾಗುತ್ತಿತ್ತು; ಇಲ್ಲಿ ಸದ್ದೇ ಇಲ್ಲ! ಪಂಪಿನ ಗುಂಯ್ಗುಡುವಿಕೆಯಿಂದಲೇ ಅದರ ರೋಗ ಹೇಳಬಲ್ಲವರು ಈಗ ಅಟ್ಟ ಹತ್ತಿ ಕಾಯಿ ಆರಿಸುತ್ತಾರೆ. ಸುಮಾರು ಒಂದು ವರ್ಷ ಅಟ್ಟದಲ್ಲಿ ಒಣಗಿದ ಕಾಯಿಯ ನೀರು ಇಂಗಿ, ಕೊಬ್ಬರಿ ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಎನ್ನಬೇಕು.

ಅಂದು ಮಾವ ಒಂದು ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, “ಇದಕ್ಕೆ ಇನ್ನೊಂದು ತಿಂಗಳು ಬೇಕು” ಎಂದು ತೀರ್ಪಿತ್ತರು. ಅತ್ತೆ ಅದನ್ನು ಇಸಿದುಕೊಂಡು ಒಮ್ಮೆ ಅಲ್ಲಾಡಿಸಿ, ಏನೂ ಅನ್ನದೆ, ಸುಲಿಯುವ ರಾಶಿಗೆ ಹಾಕಿದರು.