ಮದ್ದಿನ ಡಬ್ಬಿ ಮತ್ತು ಸಂಘದ ಹೊಣೆ

ತೋಟಕ್ಕೆ ಹೊಡೆಯುವ ಕೀಟನಾಶಕವನ್ನು ನಮ್ಮ ಕಡೆ ಯಾರೂ ವಿಷವೆಂದು ಕರೆಯುವುದಿಲ್ಲ, ‘ಮದ್ದು’ ಎನ್ನುತ್ತೇವೆ. ಹೆಸರು ಸೌಮ್ಯವಾದುದರಿಂದಲೋ ಏನೋ, ಉಳಿದ ಡಬ್ಬಿಯನ್ನು ಕೊಟ್ಟಿಗೆಯ ಅಟ್ಟದಲ್ಲೋ ಹಿತ್ತಲ ಮೂಲೆಯಲ್ಲೋ ಇಟ್ಟು ಮರೆತುಬಿಡುತ್ತೇವೆ. ಮನೆಯಲ್ಲಿ ಒಬ್ಬರ ಮನಸ್ಸು ಕುಸಿದ ಗಳಿಗೆಯಲ್ಲಿ ಅದು ಕೈಗೆಟಕುವಂತಿತ್ತೆಂಬುದು ಆಮೇಲೆ ನೆನಪಾಗುತ್ತದೆ.

ಆತ್ಮಹತ್ಯೆಯ ವಿಚಾರ ಸಂಘದ ಪತ್ರಿಕೆಗೆ ಏಕೆಂದು ಕೆಲವು ಸದಸ್ಯರು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 7 ಲಕ್ಷದ 20 ಸಾವಿರಕ್ಕೂ ಹೆಚ್ಚು ಜನ ಹೀಗೆ ಸಾಯುತ್ತಾರೆ. ನಮ್ಮ ದೇಶದಲ್ಲಿ 2022ರಲ್ಲಿ ದಾಖಲಾದವರೇ 1,70,924 ಮಂದಿ. ಸಾಲ, ಧಾರಣೆಯ ಕುಸಿತ, ಕುಡಿತ, ಕಾಯಿಲೆ, ಮನೆಯ ಮನಸ್ತಾಪ ಎಂದು ಕಾರಣಗಳು ಹಲವು; ಒಂದನ್ನೇ ಬೆರಳುಮಾಡಿ ತೋರಿಸುವುದು ಸರಿಯಲ್ಲ. ಆದರೆ ಹಳ್ಳಿಗಾಡಿನ ಇಂಥ ಸಾವುಗಳಲ್ಲಿ ದೊಡ್ಡ ಪಾಲು ಕೀಟನಾಶಕದಿಂದ. ಅದನ್ನು ಮಾರುವುದು ನಮ್ಮ ಸಂಘದ ಮಳಿಗೆ, ಕೊಳ್ಳುವವರು ನಾವು.

“ಸಾಯಬೇಕೆಂದವನನ್ನು ತಡೆಯುವವರಾರು?” ಎಂಬ ಮಾತು ರೂಢಿಯಲ್ಲಿದೆ. ಅದು ಸುಳ್ಳೆಂದು ನೆರೆಯ ಶ್ರೀಲಂಕಾ ತೋರಿಸಿಕೊಟ್ಟಿದೆ. 1995ರಲ್ಲಿ ಅಲ್ಲಿ ಲಕ್ಷಕ್ಕೆ 47ರಂತೆ ಜನ ಆತ್ಮಹತ್ಯೆ ಮಾಡಿಕೊಳ್ಳುತ್ತಿದ್ದರು. ಸರಕಾರ ಅತ್ಯುಗ್ರ ಕೀಟನಾಶಕಗಳನ್ನು 1995ರಲ್ಲಿ, ಎಂಡೋಸಲ್ಫಾನನ್ನು 1998ರಲ್ಲಿ, ಇನ್ನು ಕೆಲವನ್ನು 2008ರಿಂದ 2011ರೊಳಗೆ ಹಂತಹಂತವಾಗಿ ನಿಷೇಧಿಸಿತು. ಇಪ್ಪತ್ತು ವರ್ಷಗಳಲ್ಲಿ ಆ ಪ್ರಮಾಣ ಶೇಕಡಾ 70ರಷ್ಟು ಇಳಿಯಿತು. ಉಳಿದ ಜೀವಗಳು ಸುಮಾರು 93,000 ಎಂದು ಅಂದಾಜು. 1995 ಮತ್ತು 1998ರ ನಿಷೇಧಗಳ ನಂತರ ಬೆಳೆಯ ಇಳುವರಿಯೂ ಕುಸಿಯಲಿಲ್ಲ. ಸಾಯುವ ಆವೇಗ ಹಲವರಲ್ಲಿ ಕೆಲವೇ ಗಳಿಗೆಯದು. ಆ ಗಳಿಗೆಯಲ್ಲಿ ಉಗ್ರ ವಿಷ ಕೈಗೆ ಸಿಗದಿದ್ದರೆ ಮನುಷ್ಯ ಬದುಕುತ್ತಾನೆ, ಬದುಕಿದವರಲ್ಲಿ ಬಹುಪಾಲು ಜನ ಮತ್ತೆ ಆ ದಾರಿಯಲ್ಲಿ ಸಾಯುವುದಿಲ್ಲ.

ಹಾಗಾದರೆ ಮನೆಮನೆಗೂ ಬೀಗದ ಪೆಟ್ಟಿಗೆ ಹಂಚಿದರೆ ಸಾಲದೇ? ಶ್ರೀಲಂಕಾದಲ್ಲೇ ಅದನ್ನೂ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದರು. 2017ರಲ್ಲಿ ಹೊರಬಂದ ಫಲಿತಾಂಶದಲ್ಲಿ ಪ್ರಯೋಜನ ಕಾಣಲಿಲ್ಲ. ಬೀಗದ ಕೈ ಮನೆಯಲ್ಲೇ ಇರುತ್ತದಷ್ಟೆ. ತಮಿಳುನಾಡಿನ ಎರಡು ಹಳ್ಳಿಗಳಲ್ಲಿ ಊರಿಗೊಂದು ಸಾಮೂಹಿಕ ದಾಸ್ತಾನು ಕೋಣೆ ಮಾಡಿದ ಚಿಕ್ಕ ಪ್ರಯೋಗ ಮಾತ್ರ ಆಶಾದಾಯಕವಾಗಿತ್ತು.

ಆದ್ದರಿಂದ ಆಡಳಿತ ಮಂಡಳಿಯ ಮುಂದೆ ನನ್ನ ಸಲಹೆಗಳು ಮೂರು. ಅತ್ಯುಗ್ರ ವರ್ಗದ ಔಷಧಿಗಳ ಮಾರಾಟವನ್ನು, ಕಾನೂನು ಬರಲೆಂದು ಕಾಯದೆ, ನಮ್ಮ ಮಳಿಗೆಯೇ ನಿಲ್ಲಿಸಲಿ. ಉಳಿದವನ್ನು ಒಂದು ಸಿಂಪಡಣೆಗೆ ಬೇಕಾದಷ್ಟೇ ಕೊಡಲಿ. ಮಿಕ್ಕದ್ದನ್ನು ಸಂಘದ ಗೋದಾಮಿನಲ್ಲಿ ಸದಸ್ಯರ ಹೆಸರಿನಲ್ಲಿ ಇಟ್ಟುಕೊಳ್ಳುವ ವ್ಯವಸ್ಥೆಯಾಗಲಿ. ಇದರಿಂದ ವ್ಯಾಪಾರ ತುಸು ತಗ್ಗೀತು, ಓಡಾಟ ಹೆಚ್ಚೀತು, ಒಪ್ಪುತ್ತೇನೆ. ಆ ನಷ್ಟ ತಾಳಲಾರದ ಸಂಘ ಸಹಕಾರದ ಹೆಸರು ಹೊತ್ತು ಫಲವೇನು?

ಪೊಲೀಸರ ಭಯದಿಂದ ಆಸ್ಪತ್ರೆಗೆ ಒಯ್ಯಲು ಹಿಂಜರಿಯುವವರು ಇನ್ನೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯಿದೆಯಂತೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಆರೈಕೆ ಕೊಡಬೇಕು. ಒಂದು ನಿಮಿಷವೂ ತಡಮಾಡಬೇಡಿ. ಮನಸ್ಸು ಭಾರವಾದವರು 14416 ಸಂಖ್ಯೆಗೆ ಕರೆ ಮಾಡಿದರೆ ಹಗಲಿರುಳೆನ್ನದೆ ಕನ್ನಡದಲ್ಲೇ ಮಾತನಾಡುವವರು ಸಿಗುತ್ತಾರೆ; ಇದು 2022ರಲ್ಲಿ ಆರಂಭವಾದ ಸರಕಾರದ ಉಚಿತ ಸೇವೆ. ಈ ಸಂಖ್ಯೆಯನ್ನು ಮಳಿಗೆಯ ಗೋಡೆಯ ಮೇಲೂ ಲೈನ್ ಮನೆಗಳ ಬಾಗಿಲಲ್ಲೂ ಬರೆಸೋಣ. ಅದಕ್ಕೆ ಮಹಾಸಭೆಯ ಅನುಮತಿಯೇನೂ ಬೇಕಿಲ್ಲ.