ಠಕ್ಕರ ಓಲೆಯೂ ನಮ್ಮ ನಗೆಯೂ

ಕಳೆದ ವರ್ಷ ಬಿ.ಎ. ತರಗತಿಗೆ ಭಾಷಾಂತರದ ಪಾಠ ಹೇಳುತ್ತಿದ್ದಾಗ, ಯಂತ್ರ ಮಾಡಿದ ಅನುವಾದ ಎಷ್ಟು ನಗೆಪಾಟಲಾಗಬಲ್ಲದೆಂಬುದಕ್ಕೆ ನಿದರ್ಶನವಾಗಿ, ನನಗೆ ಬಂದಿದ್ದ ಒಂದು ಇ-ಮೇಲನ್ನು ಓದಿ ಹೇಳಿದೆ. ಆಫ್ರಿಕದ ಮಾಜಿ ಮಂತ್ರಿಯೊಬ್ಬನ ವಿಧವೆ ಬರೆದದ್ದಂತೆ ಅದು. 'ಅತ್ಯಂತ ಪ್ರಿಯತಮನೇ' ಎಂದು ನನ್ನನ್ನು ಸಂಬೋಧಿಸಿದ ಆ ಮಹಾತಾಯಿ, 'ನನ್ನ ತಡವಾದ ಗಂಡನು' ಬಿಟ್ಟುಹೋದ ಡಾಲರುಗಳನ್ನು 'ಎರಡು ಲೋಹದ ಸೊಂಡಿಲುಗಳಲ್ಲಿ' ತುಂಬಿಟ್ಟಿರುವುದಾಗಿಯೂ, ದೈವಭೀರುವಾದ ಅಪರಿಚಿತನೊಬ್ಬನಿಗೆ ಅವನ್ನೊಪ್ಪಿಸಿ ನಿಶ್ಚಿಂತಳಾಗಿ ಕಣ್ಣು ಮುಚ್ಚಬೇಕೆಂದಿರುವುದಾಗಿಯೂ ತಿಳಿಸಿದ್ದಳು. ಇಂಗ್ಲಿಷಿನ 'ಲೇಟ್' ಎಂಬುದು ತಡವಾದ ಗಂಡನಾಗಿ, 'ಟ್ರಂಕು' ಆನೆಯ ಸೊಂಡಿಲಾಗಿ ಪರಿಣಮಿಸಿದ ಬಗೆಯನ್ನು ನಾನು ವಿವರಿಸುವಷ್ಟರಲ್ಲಿ ತರಗತಿಯೆಲ್ಲ ನಗೆಯಲ್ಲಿ ಮುಳುಗಿತ್ತು. ನಾನೂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕೆ.

ಮೂರನೆಯ ಬೆಂಚಿನ ಒಬ್ಬ ಹುಡುಗಿ ಮಾತ್ರ ನಗಲಿಲ್ಲ. ಗಂಟೆ ಬಾರಿಸಿದ ಮೇಲೆ ವರಾಂಡದಲ್ಲಿ ಬಂದು ನಿಂತಳು.

"ಯಾಕವ್ವಾ, ಏನಾತು?" ಎಂದೆ.

"ಸರ್, ನಮ್ಮ ಹೊಲದಾಗ ಟವರ್ ಹಾಕ್ತೀವಂತ ಬಂದ ಕಾಗದಾನೂ ಹಿಂಗೇ ಇತ್ತ್ರಿ. ನಮ್ಮಪ್ಪಗ ಓದಾಕ ಬರಲ್ರಿ. ನಾನೇ ಓದಿ ಹೇಳಿದ್ದೆ."

ಸುರಪುರ ತಾಲೂಕಿನ ಒಂದು ಹಳ್ಳಿ ಅವಳದು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಮುಟ್ಟದ ಎರಡೆಕರೆ ಹೊಲ. ಮಳೆ ಬಂದರೆ ತೊಗರಿ, ಬಾರದಿದ್ದರೆ ಬೆಂಗಳೂರಿಗೆ ದುಡಿಯಲು ಹೋಗುವುದು. ಅಂಥ ಹೊಲದ ಮೂಲೆಯೊಂದನ್ನು ಮೊಬೈಲ್ ಟವರಿಗೆ ಬಾಡಿಗೆ ಕೊಟ್ಟರೆ ಮುಂಗಡವೆಂದು ಲಕ್ಷಗಟ್ಟಲೆ, ಆಮೇಲೆ ತಿಂಗಳು ತಿಂಗಳಿಗೆ ಸಾವಿರಗಟ್ಟಲೆ! ಮೊದಲು ಕೇಳಿದ್ದು ನೋಂದಣಿ ಶುಲ್ಕ, ಒಂದೂವರೆ ಸಾವಿರ ಮಾತ್ರ. ಅದನ್ನು ಕಟ್ಟಿದ ಮೇಲೆ ಅಶೋಕಸ್ತಂಭದ ಮುದ್ರೆಯುಳ್ಳ ಕರಾರುಪತ್ರ ಬಂತು. ಕರಾರಿಗೆ ಸ್ಟಾಂಪಿನ ಖರ್ಚು ಬೇಡವೆ? ಮುಂಗಡಕ್ಕೆ ತೆರಿಗೆ ಬೇಡವೆ? ಸಾಮಾನು ಸಾಗಿಸುವ ಲಾರಿಗೆ ವಿಮೆ ಬೇಡವೆ? ಕೊನೆಯ ಕಂತಿಗೆ ಒಂದು ಜೊತೆ ಎತ್ತು ಮಾರಿದರಂತೆ. ಲಾರಿ ಬರಲಿಲ್ಲ; ಫೋನು ಸತ್ತಿತು. "ಊರ ಮಂದಿ ನಗ್ತಾರಂತ ನಮ್ಮಪ್ಪ ಯಾರ ಮುಂದೂ ಹೇಳಿಲ್ರಿ" ಎಂದಳು.

ಟವರು ಹಾಕುವ ಕಂಪನಿ ಭೂಮಿಯ ಒಡೆಯನಿಗೆ ಬಾಡಿಗೆ ಕೊಡುತ್ತದೆಯೇ ಹೊರತು ಅವನಿಂದ ಶುಲ್ಕ ವಸೂಲು ಮಾಡುವುದಿಲ್ಲ; ತಾನು ಇದಕ್ಕೆ ಯಾವ ಅನುಮತಿ ಪತ್ರವನ್ನೂ ಕೊಡುವುದಿಲ್ಲ, ಯಾವ ಹಣವನ್ನೂ ಕೇಳುವುದಿಲ್ಲ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವೂ ಪತ್ರಿಕೆಗಳಲ್ಲಿ ಸಾರಿದೆ. ಆದರೆ ಪತ್ರಿಕೆ ಓದುವವನ ಎತ್ತುಗಳಲ್ಲ, ಮಾರಿಹೋದವು.

ಆ ವಿಧವೆಯ ಓಲೆ ಅಷ್ಟು ಹುಚ್ಚುಹುಚ್ಚಾಗಿರುವುದು ಬರೆದವನ ದಡ್ಡತನದಿಂದ ಎಂದು ನಾನು ಬಹುಕಾಲ ನಂಬಿದ್ದೆ. ಅದು ತಪ್ಪು. ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧಕ ಕಾರ್ಮಕ್ ಹರ್ಲಿ 2012 ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ಒಗಟನ್ನು ಬಿಡಿಸಿದ್ದಾನೆ. ಲಕ್ಷ ಜನಕ್ಕೆ ಪತ್ರ ಕಳಿಸಲು ಠಕ್ಕನಿಗೆ ಖರ್ಚೇನೂ ಇಲ್ಲ. ಖರ್ಚೆಲ್ಲ ಆಮೇಲಿನದು, ಉತ್ತರ ಬರೆದವರೊಡನೆ ವಾರಗಟ್ಟಲೆ ಮಾತನಾಡಿ ಪುಸಲಾಯಿಸುವುದರಲ್ಲಿ. ನಾಲ್ಕು ದಿನ ಮಾತಾಡಿ ಐದನೆಯ ದಿನ ಅನುಮಾನಪಟ್ಟು ಹಿಂದೆ ಸರಿಯುವವನಿಂದ ಅವನಿಗೆ ನಷ್ಟ. ಆದ್ದರಿಂದ ಅಂಥವನು ಮೊದಲ ಸಾಲಿಗೇ ನಕ್ಕು ಪತ್ರವನ್ನು ಅಳಿಸಿಹಾಕುವುದೇ ಅವನಿಗೆ ಬೇಕಾದದ್ದು. ಹೊಟ್ಟು ತಾನಾಗಿ ತೂರಿಹೋದರೆ ಕಾಳು ಆರಿಸುವ ಕೆಲಸ ಹಗುರ. ನಾನು ತರಗತಿಯಲ್ಲಿ ನಕ್ಕ ನಗೆ ಹೀಗೆ ತೂರಿಹೋದ ಹೊಟ್ಟಿನ ಸದ್ದು. ಠಕ್ಕನನ್ನು ನಾನು ಸೋಲಿಸಿದೆನೆಂದುಕೊಂಡಿದ್ದೆ. ಅವನು ನನ್ನನ್ನು ಕೆಲಸಕ್ಕೆ ಬಾರದವನೆಂದು ಪಕ್ಕಕ್ಕಿಟ್ಟಿದ್ದ, ಅಷ್ಟೆ.

ಈ ವಿದ್ಯೆ ಇ-ಮೇಲಿನೊಡನೆ ಹುಟ್ಟಿದ್ದಲ್ಲ. ಕಳ್ಳನಾಗಿದ್ದು ಪೊಲೀಸನಾದ ಫ್ರಾನ್ಸಿನ ವಿಡಾಕ್, ಸೆರೆಮನೆಯ ಕೈದಿಗಳು ಬಚ್ಚಿಟ್ಟ ಪೆಟ್ಟಿಗೆಯ ಕಥೆ ಕಟ್ಟಿ ಶ್ರೀಮಂತರಿಗೆ ಪತ್ರ ಬರೆಯುತ್ತಿದ್ದುದನ್ನು 1836 ರಷ್ಟು ಹಿಂದೆಯೇ ವರ್ಣಿಸಿದ್ದಾನೆ. ನೂರು ಪತ್ರಕ್ಕೆ ಇಪ್ಪತ್ತು ಉತ್ತರ ತಪ್ಪದೆ ಬರುತ್ತಿದ್ದವೆಂದು ಅವನ ಲೆಕ್ಕ. ಆಮೇಲೆ ಬಂದದ್ದು 'ಸ್ಪೇನಿನ ಕೈದಿ'ಯ ಪತ್ರ. ಅದಾದ ಮೇಲೆ ನೈಜೀರಿಯದ ದಂಡಸಂಹಿತೆಯ 419 ನೆಯ ಕಲಮಿನಿಂದಲೇ ಹೆಸರು ಪಡೆದ ಓಲೆಗಳು. ಈಗ 'ಕೌನ್ ಬನೇಗಾ ಕರೋಡ್‌ಪತಿ' ಹೆಸರಿನ ಇಪ್ಪತ್ತೈದು ಲಕ್ಷದ ಲಾಟರಿ. ನಮ್ಮ ನಾಡಿನಲ್ಲಿ ಇದರ ದಾಯಾದಿ ಇನ್ನೊಂದಿದೆ: ಮನೆಯ ಪಾಯ ಅಗೆಯುವಾಗ ಬಂಗಾರದ ನಾಣ್ಯದ ಕೊಡ ಸಿಕ್ಕಿದೆ, ಅರ್ಧ ಬೆಲೆಗೆ ಕೊಡುತ್ತೇವೆ ಎಂಬ ಫೋನು. ಮೊದಲು ತೋರಿಸುವ ಒಂದೆರಡು ನಾಣ್ಯ ಅಪ್ಪಟ ಚಿನ್ನ. ಆಮೇಲಿನ ಚೀಲ ಹಿತ್ತಾಳೆ. ದಾವಣಗೆರೆ, ಹಡಗಲಿ ಕಡೆಯ ಪೊಲೀಸರಿಗೆ ಇದು ಹಳೆಯ ಪರಿಚಯ.

ನಮ್ಮ ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಬಂಗಲೆಯಿದೆ. 1841 ರಲ್ಲಿ ಇಲ್ಲಿಗೆ ಬಂದು, ಬಾಲಕನಾಗಿದ್ದ ದೊರೆ ವೆಂಕಟಪ್ಪನಾಯಕನ ಪರವಾಗಿ ಸಂಸ್ಥಾನದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರನ ಹೆಸರು ಅದಕ್ಕೆ. ಅವನಿಗೆ ಇಂಗ್ಲೆಂಡಿನಲ್ಲಿ ಕೀರ್ತಿ ತಂದ ಕಾದಂಬರಿ ಅದಕ್ಕೆ ಎರಡು ವರ್ಷ ಮೊದಲು, 1839 ರಲ್ಲಿ ಬಂದ 'ಕನ್ಫೆಷನ್ಸ್ ಆಫ್ ಎ ಥಗ್'. (ಥಗ್ಗರನ್ನು ಕುರಿತ ಕಂಪನಿ ಸರಕಾರದ ಕಥನವನ್ನು ಇತಿಹಾಸಕಾರರು ಈಗ ಅನುಮಾನದಿಂದಲೇ ಓದುತ್ತಾರೆ, ಆ ಚರ್ಚೆ ಇಲ್ಲಿ ಬೇಡ.) ಟೇಲರ್ ಹೇಳುವಂತೆ ಥಗ್ಗರ ತಂಡದಲ್ಲಿ ಕೊರಳಿಗೆ ಕರವಸ್ತ್ರ ಬಿಗಿಯುವವನು ಬೇರೆ, 'ಸೋಥಾ' ಬೇರೆ. ಸೋಥಾನ ಕೆಲಸ ಸವಿಮಾತು. ದಾರಿಹೋಕರೊಡನೆ ಸ್ನೇಹ ಬೆಳೆಸಿ, ಕಳ್ಳರ ಭಯವಿದೆ, ಒಟ್ಟಿಗೆ ಹೋಗೋಣ ಎಂದು ಅವರನ್ನು ತಂಡಕ್ಕೆ ಕೂಡಿಸುವುದು. ಪ್ರತಿಯೊಬ್ಬ ದಾರಿಹೋಕನ ಮುಖವನ್ನೂ ನೋಡಿ ಅಳೆಯಬೇಕಾಗಿದ್ದ ಕಷ್ಟ ಅವನದು. ಇ-ಮೇಲಿನ ಸೋಥಾನಿಗೆ ಆ ಶ್ರಮವಿಲ್ಲ. ಕಷ್ಟದಲ್ಲಿರುವವನು, ಓದು ಬಾರದವನು, ಆಸೆ ಬಿಡಲಾರದವನು ತಾನಾಗಿ ಮುಂದೆ ಬಂದು ಹೆಸರು ಹೇಳುತ್ತಾನೆ.

ಮೋಸಹೋದವನನ್ನು ಕಂಡು ನಗುವುದು ನಮಗೆ ಹಳೆಯ ಅಭ್ಯಾಸ. ಪಂಚತಂತ್ರದಲ್ಲಿ ಹೋತವನ್ನು ಹೊತ್ತು ಹೊರಟ ಬ್ರಾಹ್ಮಣನಿಗೆ ದಾರಿಯಲ್ಲಿ ಮೂವರು ಧೂರ್ತರು ಒಬ್ಬರಾದ ಮೇಲೊಬ್ಬರು ಎದುರಾಗಿ, ಇದೇನು ನಾಯಿಯನ್ನು ಹೊತ್ತಿದ್ದೀರಿ ಎಂದು ಕೇಳುತ್ತಾರೆ. ಈ ಕಥೆಯನ್ನು ಇಪ್ಪತ್ತು ವರ್ಷ ಹೇಳಿದ್ದೇನೆ. ಮಕ್ಕಳು ಪ್ರತಿ ಸಲವೂ ಬ್ರಾಹ್ಮಣನನ್ನು ಕಂಡೇ ನಗುತ್ತಾರೆ, ಧೂರ್ತರನ್ನು ಮೆಚ್ಚುತ್ತಾರೆ. ಆ ಬ್ರಾಹ್ಮಣನಾದರೋ ವೇದ ಓದಿದವನು. ಅವನನ್ನು ಕೆಡವಿದ್ದು ಮೂರ್ಖತನವಲ್ಲ, ಪರಸ್ಪರ ಸಂಬಂಧವಿಲ್ಲದಂತೆ ಕಾಣುವ ಮೂರು ಸಾಕ್ಷಿಗಳು. ಇಂದಿನ ಓಲೆಯೂ ಹಾಗೆಯೇ: ಮೊದಲು ವಿಧವೆ, ಆಮೇಲೆ ವಕೀಲ, ಕೊನೆಗೆ ಬ್ಯಾಂಕಿನ ಅಧಿಕಾರಿ, ಮೂವರೂ ಒಂದೇ ಕೋಣೆಯಲ್ಲಿ ಕುಳಿತವರು. ಬ್ರೆಜಿಲಿನ ಬ್ಯಾಂಕೊ ನೊರೊಯೆಸ್ಟೆಯ ಹಿರಿಯ ಅಧಿಕಾರಿಯೊಬ್ಬ 1995 ರಿಂದ 1998 ರವರೆಗೆ, ನೈಜೀರಿಯದ ಅಬುಜಾದಲ್ಲಿ ಕಟ್ಟಲಿದ್ದಾರೆಂಬ ವಿಮಾನ ನಿಲ್ದಾಣಕ್ಕಾಗಿ, ಸುಮಾರು ಇಪ್ಪತ್ನಾಲ್ಕು ಕೋಟಿ ಡಾಲರುಗಳನ್ನು ಹೀಗೆ ಕಳಿಸಿಕೊಟ್ಟ. ನಿಲ್ದಾಣ ಇರಲಿಲ್ಲ. ಆ ಅಧಿಕಾರಿಗೆ ಓದು ಬರುತ್ತಿತ್ತು.

ನನಗೂ ಬರುತ್ತದೆ. ಐದಾರು ವರ್ಷಗಳ ಹಿಂದೆ ನನಗೊಂದು ಪತ್ರ ಬಂತು. ವ್ಯಾಕರಣದೋಷ ಒಂದೂ ಇಲ್ಲದ, ಎರಡು ಸಮಾಸಗಳಿಂದ ಅಲಂಕೃತವಾದ ಶುದ್ಧ ಕನ್ನಡ. ನನ್ನ ಸಾಹಿತ್ಯಸೇವೆಯನ್ನು ಗುರುತಿಸಿ ರಾಜ್ಯಮಟ್ಟದ ಪ್ರಶಸ್ತಿಯೊಂದಕ್ಕೆ ಆಯ್ಕೆ ಮಾಡಲಾಗಿದೆ. ಶಾಲು, ಫಲಕ ಮತ್ತು ನೋಂದಣಿಯ ಸಲುವಾಗಿ ಎರಡೂವರೆ ಸಾವಿರ ರೂಪಾಯಿ ಕಳಿಸಬೇಕು. ನನ್ನ ಸಾಹಿತ್ಯಸೇವೆಯೆಂದರೆ ಆಗ ಅಚ್ಚಾಗಿದ್ದ ಏಳು ಲೇಖನಗಳು. ಇಷ್ಟು ಕಡಿಮೆ ಸೇವೆಗೆ ಇಷ್ಟು ದೊಡ್ಡ ಪ್ರಶಸ್ತಿಯೇ ಎಂಬ ಅನುಮಾನ ಬಂದಿತ್ತು. ಬಂದದ್ದನ್ನು ನಾನೇ ಒಳಗೆ ತಳ್ಳಿ ಕದ ಹಾಕಿದೆ. ಹಣ ಕಳಿಸಿದೆ. ಸಮಾರಂಭ ಮುಂದಕ್ಕೆ ಹೋಯಿತೆಂದರು, ಮತ್ತೆ ಸಾವಿರ ಕೇಳಿದರು, ಅದನ್ನೂ ಕಳಿಸಿದೆ. ಮೊದಲು ಕೊಟ್ಟದ್ದು ವ್ಯರ್ಥವಾಗಬಾರದಲ್ಲ! ಕೊನೆಗೆ ಅಂಚೆಯಲ್ಲಿ ಫಲಕವೊಂದು ಬಂತು. ಅದರಲ್ಲಿ ನನ್ನ ಹೆಸರಿನ ಒಂದಕ್ಷರ ತಪ್ಪಾಗಿತ್ತು. ಅಟ್ಟಕ್ಕೆ ಹಾಕಿ, ಹೆಂಡತಿಗೂ ಹೇಳದೆ ಸುಮ್ಮನಾದೆ. ಎರಡೆಕರೆ ಹೊಲದವನಿಗೆ ಟವರು, ಏಳು ಲೇಖನದವನಿಗೆ ಪ್ರಶಸ್ತಿ. ಮೂರೂವರೆ ಸಾವಿರಕ್ಕೂ ಒಂದು ಜೊತೆ ಎತ್ತಿಗೂ ಸಮ ಹೇಳುವ ಧೈರ್ಯ ನನಗಿಲ್ಲ. ಸುಮ್ಮನಾದ ರೀತಿ ಮಾತ್ರ ಒಂದೇ.

ಈ ಸುಮ್ಮನಾಗುವಿಕೆಯೇ ಠಕ್ಕರ ಬಂಡವಾಳ. ಮೋಸ ತಿಳಿದ ಕೂಡಲೆ 1930 ಎಂಬ ಸಹಾಯವಾಣಿಗೆ ಫೋನು ಮಾಡಿದರೆ ಹಣ ಕೈ ಬದಲಾಯಿಸುವ ಮೊದಲೇ ಬ್ಯಾಂಕು ತಡೆಹಿಡಿಯುವ ಸಂಭವ ಉಂಟು. ಆದರೆ ಅದು ಕೆಲವೇ ಗಂಟೆಗಳ ಮಾತು. ಆ ಗಂಟೆಗಳನ್ನು ಮನುಷ್ಯ ಯಾರು ನಕ್ಕಾರು ಎಂದು ಎಣಿಸುವುದರಲ್ಲಿ ಕಳೆಯುತ್ತಾನೆ. ಊರಿಗೆಲ್ಲ ಗೊತ್ತಾದರೆ ಪಕ್ಕದ ಹೊಲದವನಾದರೂ ಉಳಿದಾನು, ಅದೂ ಆಗುವುದಿಲ್ಲ.

ಮರುದಿನ ಆ ಹುಡುಗಿಯನ್ನು ಕರೆದು ನನ್ನ ಫಲಕದ ಕಥೆ ಹೇಳಿದೆ. ಮೊದಲು ನಂಬಲಿಲ್ಲ. ಆಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ಎಷ್ಟ ಕೊಟ್ರಿ ಸರ್?"

ಹೇಳಿದೆ. ಅಕ್ಷರ ತಪ್ಪಾದದ್ದನ್ನೂ ಹೇಳಿದೆ.

ಮುಂದಿನ ಸೋಮವಾರ ಅವಳ ತಂದೆ ಬಂದರು. ಟವೆಲಿನಲ್ಲಿ ಸುತ್ತಿದ ಕಾಗದಗಳನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಒಂದೊಂದಾಗಿ ಬಿಚ್ಚಿಟ್ಟರು: ಹೊಲದ ಪಹಣಿ, ಬ್ಯಾಂಕಿನ ಚೀಟಿಗಳು, ಸ್ತಂಭಮುದ್ರೆಯ ಕರಾರು. ಎಲ್ಲವನ್ನೂ ದಿನಾಂಕದ ಪ್ರಕಾರ ಜೋಡಿಸಿ, ಪೊಲೀಸ್ ಠಾಣೆಗೆ ಕೊಡಬೇಕಾದ ದೂರನ್ನು ಮಗಳು ಬರೆದಳು. ನಾನು ಕಾಗುಣಿತ ನೋಡಿಕೊಟ್ಟೆ.