ಸಿಂಗಳೀಕ ಮತ್ತು ಸಗಣಿ ಹುಳು

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ನೇಸರಗಿಯ ಎರೆಹೊಲದ ಬದುವಿನಲ್ಲಿ ಕರಿ ಹುಳುವೊಂದು ತಲೆಕೆಳಗಾಗಿ, ಹಿಂಗಾಲಿನಿಂದ ಹೆಂಡಿಯ ಉಂಡೆ ಉರುಳಿಸುತ್ತ ಹೋಗುವುದನ್ನು ಮಕ್ಕಳು ನೋಡಿರಬಹುದು. ಅದನ್ನು ಉಳಿಸಿ ಎಂದು ಯಾರೂ ಭಿತ್ತಿಪತ್ರ ಹಚ್ಚುವುದಿಲ್ಲ. ಭಿತ್ತಿಪತ್ರದ ಮೇಲೆ ಕೂರುವುದು ಸಿಂಗಳೀಕ.

ಸಿಂಗಳೀಕಕ್ಕೆ ಆ ಮರ್ಯಾದೆ ಸಲ್ಲಬೇಕಾದದ್ದೇ. ಮುಖದ ಸುತ್ತ ಬೂದು ಕೇಸರ, ಸಿಂಹದಂತೆ ಗೊಂಡೆಯಿರುವ ಬಾಲ. ಪಶ್ಚಿಮ ಘಟ್ಟ ಬಿಟ್ಟು ಬೇರಾವ ಕಾಡಿನಲ್ಲೂ ಅದು ಇಲ್ಲ. ಉಳಿದಿರುವುದು 4000ಕ್ಕಿಂತ ಕಡಿಮೆ ಎಂಬುದು ಅಂದಾಜು. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಅಣೆಕಟ್ಟು ಬೇಡವೆಂದು ನಡೆದ ಹೋರಾಟಕ್ಕೆ ಇದೇ ಲಾಂಛನವಾಗಿತ್ತು. ಉತ್ತರ ಕನ್ನಡದಲ್ಲಿ 2011ರಲ್ಲಿ ಇದಕ್ಕಾಗಿಯೇ ಅಘನಾಶಿನಿ ಸಂರಕ್ಷಿತ ಪ್ರದೇಶವಾಯಿತು.

ಹುಳುವಿಗೆ ಮುದ್ದಾದ ಮುಖವಿಲ್ಲ, ಕೆಲಸವಿದೆ. ಆಸ್ಟ್ರೇಲಿಯಾದವರು ಅದನ್ನು ದುಡ್ಡು ಕೊಟ್ಟು ಕಲಿತರು. ಅಲ್ಲಿನ ಹುಳುಗಳಿಗೆ ಕಾಂಗರೂ ಹಿಕ್ಕೆ ರೂಢಿ. ಹೊರಗಿನಿಂದ ತಂದ ದನಗಳ ಸಗಣಿ ಹುಲ್ಲುಗಾವಲಿನಲ್ಲೇ ಒಣಗಿ ಹುಲ್ಲು ಮುಚ್ಚಿತು, ನೊಣ ಹೆಚ್ಚಿತು. ಕೊನೆಗೆ 1968ರಿಂದ ಪರದೇಶದ ಸಗಣಿ ಹುಳುಗಳನ್ನು ತರಿಸಿ ಬಿಡಬೇಕಾಯಿತು! ನೇಸರಗಿಯ ರೈತನಿಗೆ ಈ ಸೇವೆ ಪುಕ್ಕಟೆ. ಹುಳು ಸಗಣಿಯನ್ನು ಬೇರಿನ ಹತ್ತಿರ ಹೂಳುತ್ತದೆ, ಅದು ಕೊರೆದ ಬಿಲದಲ್ಲಿ ಮಳೆನೀರು ಇಳಿಯುತ್ತದೆ.

ಕೀಟವೆಂದರೆ ನೂರಾರು ಮೊಟ್ಟೆ ಇಡುತ್ತದೆ, ನಾಶವಾಗದು ಎಂಬ ನಂಬಿಕೆಯಿದೆ. ಇಲ್ಲಿ ಅದು ಸುಳ್ಳು. ಸಿಂಗಳೀಕ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುವಂತೆ, ಉಂಡೆ ಕಟ್ಟುವ ಹುಳು ಒಂದು ಉಂಡೆಗೆ ಒಂದೇ ಮೊಟ್ಟೆ ಇಡುತ್ತದೆ. ಕೆಲವು ಜಾತಿಗಳಲ್ಲಿ ತಾಯಿ ಬಿಲದಲ್ಲೇ ಕಾವಲು ಕೂರುತ್ತದೆ. ಸಾವು ಹೆಚ್ಚಿದರೆ ಎರಡೂ ಬೇಗ ಚೇತರಿಸಿಕೊಳ್ಳವು.

ಕಾಡು ತುಂಡಾದರೆ ಸಿಂಗಳೀಕಕ್ಕೆ ಆಪತ್ತು, ಅದು ಕಣ್ಣಿಗೆ ಕಾಣುತ್ತದೆ. ಹುಳುವಿನ ಆಪತ್ತು ಔಷಧದ ಸೀಸೆಯಲ್ಲೂ ಇರಬಹುದು. ದನದ ಜಂತು, ಉಣ್ಣೆಗೆ ಕೊಡುವ ಐವರ್ಮೆಕ್ಟಿನ್ ಒಳ್ಳೆಯ ಮದ್ದು, 2015ರ ನೊಬೆಲ್ ತಂದ ಮದ್ದು. ಆದರೆ ಅದರ ಅಂಶ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಸಗಣಿಯಲ್ಲಿ ಉಳಿದು ಮರಿಹುಳುಗಳನ್ನು ಕೊಲ್ಲುತ್ತದೆ. ಹಾಗೆಂದು ದನ ನರಳಲಿ ಎಂದಲ್ಲ. ಪಶುವೈದ್ಯರನ್ನು ಕೇಳಿ, ಬೇಕಾದಾಗ ಮಾತ್ರ, ಬೇಕಾದ ರಾಸಿಗೆ ಮಾತ್ರ ಕೊಟ್ಟರಾಯಿತು. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಲ್ಲಿ ಹುಳುವಿನ ಊಟವೇ ಕಡಿಮೆ, ಅದು ಬೇರೆ ಮಾತು.

ಹೊಲದಲ್ಲಿ ಹುಳು ಇದೆಯೇ ಎಂದು ತಿಳಿಯಲು ದುರ್ಬೀನು ಬೇಡ. ಮಳೆಗಾಲದ ಒಂದು ಸಂಜೆ ಬದುವಿನ ಮೇಲೆ ಒಂದು ಬೊಗಸೆ ಹಸಿ ಸಗಣಿ ಇಟ್ಟು, ಬೆಳಿಗ್ಗೆ ತಂದೆಯೋ ತಾಯಿಯೋ ಜೊತೆಗಿದ್ದು ಕಡ್ಡಿಯಿಂದ ಎತ್ತಿ ನೋಡಬೇಕು. ಕೆಳಗೆ ತೂತು, ಪಕ್ಕದಲ್ಲಿ ಹೊಸ ಮಣ್ಣಿನ ಗುಡ್ಡೆ ಕಂಡರೆ, ಇದೆ.